ಹೊಸ ಲಾರಿಗೆ ಮ್ಯಾನುಯಲ್ ಗೇರಾ, ಆಟೋಮ್ಯಾಟಿಕ್ಕಾ? ಬುಕಿಂಗ್‌ಗೆ ಮೊದಲು ಮಾಡಬೇಕಾದ ಲೆಕ್ಕ

ಲಾರಿ ಕೊಳ್ಳಲು ಹೋದಾಗ ಗೇರ್‌ಬಾಕ್ಸ್ ಬಗ್ಗೆ ಮೊದಲೆಲ್ಲ ಒಂದೇ ಪ್ರಶ್ನೆ ಇತ್ತು. ಆರು ಗೇರಾ, ಒಂಬತ್ತು ಗೇರಾ? ಈಗ ಶೋರೂಮಿನ ಹುಡುಗ ಇನ್ನೊಂದು ಮಾತು ತೆಗೆಯುತ್ತಾನೆ. "ಸಾರ್, ಕ್ಲಚ್ ಇಲ್ಲದ್ದೂ ಇದೆ, ನೋಡ್ತೀರಾ?"

ವೋಲ್ವೋ ಲಾರಿ ಓಡಿಸಿದವರಿಗೆ ಇದು ಹೊಸದಲ್ಲ. ಆ ಕಂಪನಿಯ ಐ-ಶಿಫ್ಟ್ ಗೇರ್‌ಬಾಕ್ಸ್ ಹೊರಬಂದದ್ದು 2001ರಲ್ಲಿ. ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ ತಯಾರಾಗುವ ಅವರ ಟಿಪ್ಪರ್‌ಗಳು ಕ್ಲಚ್ ಪೆಡಲ್ ಇಲ್ಲದೆಯೇ ಗಣಿಗಳಲ್ಲಿ ದುಡಿಯುತ್ತಿವೆ. ಟಾಟಾ, ಅಶೋಕ್ ಲೇಲ್ಯಾಂಡ್, ಭಾರತ್‌ಬೆಂಜ್‌ನವರೂ ಕೆಲವು ಮಾದರಿಗಳಲ್ಲಿ ಕೊಡಲು ಶುರು ಮಾಡಿದ ಮೇಲೆ ಒಂದೆರಡು ಲಾರಿ ಇಟ್ಟುಕೊಂಡವರೂ ಈ ಬಗ್ಗೆ ತಲೆಕೆಡಿಸಿಕೊಳ್ಳಬೇಕಾಗಿದೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಬ್ರೋಷರ್ ಓದಿ ಇದನ್ನು ತೀರ್ಮಾನ ಮಾಡಲು ಆಗುವುದಿಲ್ಲ. ಸ್ಟಿಯರಿಂಗ್ ಹಿಡಿಯುವವರು ಯಾರು ಅನ್ನೋದರಲ್ಲೇ ಅರ್ಧ ಉತ್ತರ ಇದೆ. ಇನ್ನರ್ಧ ರಸ್ತೆಯಲ್ಲಿ, ಗ್ಯಾರೇಜಿನಲ್ಲಿ ಸಿಗುತ್ತದೆ. ಹಾಗಾಗಿ ಕೆಳಗಿನ ಹೆಜ್ಜೆಗಳಲ್ಲಿ ಮೂರನೆಯದನ್ನೂ ನಾಲ್ಕನೆಯದನ್ನೂ ಮಾತ್ರ ಬಿಡಬೇಡಿ.

ಹೆಜ್ಜೆ 1: ನಿಮಗೆ ತೋರಿಸುತ್ತಿರುವುದು ಯಾವ ಆಟೋಮ್ಯಾಟಿಕ್ ಎಂದು ಕೇಳಿ

ಲಾರಿಯಲ್ಲಿ ಆಟೋಮ್ಯಾಟಿಕ್ ಅಂದರೆ ಎರಡು ಜಾತಿ. ಎರಡಕ್ಕೂ ಕ್ಲಚ್ ಪೆಡಲ್ ಇಲ್ಲ. ಒಳಗಿನ ಸಾಮಾನು ಮಾತ್ರ ಬೇರೆ ಬೇರೆ.

ಮೊದಲನೆಯದು ಎಎಂಟಿ, ಅಂದರೆ ಆಟೋಮೇಟೆಡ್ ಮ್ಯಾನುಯಲ್ ಟ್ರಾನ್ಸ್‌ಮಿಷನ್. ಇದರೊಳಗೆ ಇರುವುದು ಮ್ಯಾನುಯಲ್ ಗೇರ್‌ಬಾಕ್ಸೇ. ಅದೇ ಹಲ್ಲಿನ ಚಕ್ರಗಳು, ಅದೇ ಕ್ಲಚ್ ಪ್ಲೇಟು, ಅದೇ ಪ್ರೆಷರ್ ಪ್ಲೇಟು. ಕ್ಲಚ್ ಒತ್ತುವ ಕೆಲಸ, ಗೇರ್ ಸರಿಸುವ ಕೆಲಸ ಡ್ರೈವರ್ ಕೈಕಾಲಿನಿಂದ ಆಕ್ಚುಯೇಟರ್ ಎನ್ನುವ ಯಂತ್ರಕ್ಕೆ ಹೋಗಿದೆ, ಅಷ್ಟೇ. ದೊಡ್ಡ ಲಾರಿಗಳಲ್ಲಿ ಈ ಕೆಲಸವನ್ನು ಹೆಚ್ಚಾಗಿ ಬ್ರೇಕಿಗೆ ಬಳಸುವ ಗಾಳಿಯೇ ಮಾಡುತ್ತದೆ. ಯಾವಾಗ, ಯಾವ ಗೇರ್ ಎಂದು ಒಂದು ಕಂಪ್ಯೂಟರ್ ಹೇಳುತ್ತದೆ. ಎಂಜಿನ್ ಆರ್‌ಪಿಎಂ, ಲೋಡು, ಏರು, ಆಕ್ಸಿಲರೇಟರ್ ಎಷ್ಟು ಒತ್ತಿದ್ದೀರಿ, ಇವನ್ನೆಲ್ಲ ನೋಡಿ ಅದು ಗೇರ್ ಆರಿಸುತ್ತದೆ. ವೋಲ್ವೋದ 12 ಗೇರಿನ ಪೆಟ್ಟಿಗೆಯನ್ನೇ ನೋಡಿ. ಒಳಗೆ ಮೂಲ ಗೇರ್ ಮೂರೇ. ಅವನ್ನು ಸ್ಪ್ಲಿಟರ್ ಎರಡು ಪಟ್ಟು ಮಾಡುತ್ತದೆ, ರೇಂಜ್ ಮತ್ತೆ ಎರಡು ಪಟ್ಟು ಮಾಡುತ್ತದೆ. ಹನ್ನೆರಡು ಆಯಿತು.

ಎರಡನೆಯದು ಟಾರ್ಕ್ ಕನ್ವರ್ಟರ್ ಇರುವ ಪೂರ್ತಿ ಆಟೋಮ್ಯಾಟಿಕ್. ಎಂಜಿನ್‌ಗೂ ಗೇರ್‌ಬಾಕ್ಸಿಗೂ ನಡುವೆ ಕ್ಲಚ್ ಪ್ಲೇಟ್ ಬದಲು ಎಣ್ಣೆ ಶಕ್ತಿ ಸಾಗಿಸುತ್ತದೆ. ಬಿಎಂಟಿಸಿಯ ವೋಲ್ವೋ ಬಸ್ಸಿನಲ್ಲಿ ಡ್ರೈವರ್ ಪಕ್ಕ ನಿಂತು ಹೋಗಿದ್ದರೆ ಆ ಗುಂಡಿಗಳನ್ನು ನೋಡಿರುತ್ತೀರಿ. ಗಣಿಯೊಳಗೆ ಓಡುವ ಬೆಮೆಲ್ ಡಂಪರ್‌ಗಳಲ್ಲೂ ಇದೇ ಜಾತಿ. ಗೇರ್ ಬದಲಾಗುವಾಗ ಎಳೆತ ಕಡಿಯುವುದಿಲ್ಲ. ನಿಂತು ಹೊರಡುವ ಕೆಲಸಕ್ಕೆ ಇದರಷ್ಟು ಹಿತವಾದದ್ದು ಇನ್ನೊಂದಿಲ್ಲ. ಆದರೆ ಬೆಲೆ ಜಾಸ್ತಿ, ಹೆದ್ದಾರಿಯ ಸರಕು ಲಾರಿಗೆ ನಮ್ಮಲ್ಲಿ ಅಪರೂಪ. ಬಸ್ಸು, ಅಗ್ನಿಶಾಮಕ ವಾಹನ, ವಿಮಾನ ನಿಲ್ದಾಣದ ಗಾಡಿ, ಡಂಪರ್ ಇವೇ ಅದರ ಜಾಗ.

ಆದ್ದರಿಂದ ಶೋರೂಮಿನಲ್ಲಿ "ಆಟೋಮ್ಯಾಟಿಕ್" ಅಂದರೆ ನೂರಕ್ಕೆ ತೊಂಬತ್ತು ಪಾಲು ಎಎಂಟಿಯೇ. ಇದು ಯಾಕೆ ಮುಖ್ಯ ಅಂದರೆ, ಎಎಂಟಿಯಲ್ಲಿ ಕ್ಲಚ್ ಪ್ಲೇಟ್ ಇದೆ, ಅದು ಸವೆಯುತ್ತದೆ, ಅದನ್ನು ಸುಡಲೂಬಹುದು. "ಇದಕ್ಕೆ ಕ್ಲಚ್ಚೇ ಇಲ್ಲ ಸಾರ್" ಎಂದು ಯಾರಾದರೂ ಹೇಳಿದರೆ ಅವರಿಗೆ ಗೊತ್ತಿಲ್ಲ ಎಂದು ಲೆಕ್ಕ. ಇನ್ನು ಮುಂದೆ ನಾನು ಆಟೋಮ್ಯಾಟಿಕ್ ಅಂದರೆ ಎಎಂಟಿ ಎಂದೇ ತಿಳಿಯಿರಿ.

ಹೆಜ್ಜೆ 2: ಗಾಡಿ ಓಡುವ ರಸ್ತೆಯನ್ನು ಕಾಗದದ ಮೇಲೆ ಬರೆಯಿರಿ

ಮುಂದಿನ ಎರಡು ವರ್ಷ ಈ ಲಾರಿ ಎಲ್ಲಿಂದ ಎಲ್ಲಿಗೆ ಓಡುತ್ತದೆ? ಹೋಗುವಾಗ ಲೋಡ್ ಎಷ್ಟು, ಬರುವಾಗ ಎಷ್ಟು? ಬರೆದ ಮೇಲೆ ಅದನ್ನು ಮೂರು ಭಾಗ ಮಾಡಿ: ನೇರ ಹೆದ್ದಾರಿ, ಘಾಟಿ, ನಿಂತು ನಿಂತು ಹೋಗುವ ಜಾಗ.

ನೇರ ಹೆದ್ದಾರಿ ಬಗ್ಗೆ ಹೇಳಲು ಜಾಸ್ತಿ ಇಲ್ಲ. ತುಮಕೂರು ದಾಟಿ ಚಿತ್ರದುರ್ಗ, ಹುಬ್ಬಳ್ಳಿ ಕಡೆ ಟಾಪ್ ಗೇರಿನಲ್ಲಿ ಹೋಗುವ ಲಾರಿಗೆ ಗಂಟೆಗಟ್ಟಲೆ ಗೇರ್ ಬದಲಿಸುವ ಪ್ರಸಂಗವೇ ಬರುವುದಿಲ್ಲ. ಅಲ್ಲಿ ಎರಡೂ ಒಂದೇ.

ನಿಂತು ಹೊರಡುವ ಕೆಲಸದಲ್ಲಿ ಎಎಂಟಿ ತನ್ನ ಬೆಲೆ ತೀರಿಸುತ್ತದೆ. ಪೀಣ್ಯ, ನೆಲಮಂಗಲ ಕಡೆಯ ಜಾಮು, ಟೋಲ್ ಸಾಲು, ಬಂದರಿನ ಗೇಟು, ಸಕ್ಕರೆ ಕಾರ್ಖಾನೆ ಮುಂದಿನ ಕಬ್ಬಿನ ಲಾರಿಗಳ ಸಾಲು. ಇಂಥ ಕಡೆ ದಿನವಿಡೀ ಎಡಗಾಲು ಕ್ಲಚ್ ಮೇಲೇ ಇರುತ್ತದೆ. ಮೊಣಕಾಲು ನೋವು ಎಂದು ಡ್ರೈವರ್ ಹೇಳುವುದು ಸುಮ್ನೆ ಅಲ್ಲ.

ಘಾಟಿ ಮಾತ್ರ ಬೇರೆಯೇ ಕಥೆ. ಮಂಗಳೂರು ಬಂದರಿನಿಂದ ಲೋಡ್ ತುಂಬಿಕೊಂಡು ಶಿರಾಡಿ ಹತ್ತುವ ಲಾರಿಯನ್ನೇ ತೆಗೆದುಕೊಳ್ಳಿ. ಕರಾವಳಿಯ ಮಟ್ಟದಿಂದ ಸಕಲೇಶಪುರದ 900 ಮೀಟರಿಗೂ ಹೆಚ್ಚಿನ ಎತ್ತರಕ್ಕೆ ಏರಬೇಕು. ಮುಂದೆ ಗ್ಯಾಸ್ ಬುಲೆಟ್ ಟ್ಯಾಂಕರ್, ಹಿಂದೆ ಬಸ್ಸು, ಮೇಲಿಂದ ಮಳೆ. ಏರಿನಲ್ಲೇ ಸಾಲು ನಿಲ್ಲುತ್ತದೆ. ಮ್ಯಾನುಯಲ್ ಲಾರಿಯ ಡ್ರೈವರ್ ಹಾಫ್ ಕ್ಲಚ್‌ನಲ್ಲಿ ಹಿಡಿದುಕೊಳ್ಳುತ್ತಾನೆ. ಹತ್ತು ಅಡಿ ಮುಂದೆ, ಮತ್ತೆ ಹಾಫ್ ಕ್ಲಚ್. ಸ್ವಲ್ಪ ಹೊತ್ತಿಗೆ ಕ್ಯಾಬಿನ್ ಒಳಗೆ ಸುಟ್ಟ ಘಾಟು ಬರುತ್ತದೆ. ಪಳಗಿದ ಡ್ರೈವರ್ ಹೀಗೆ ಮಾಡುವುದಿಲ್ಲ. ಹ್ಯಾಂಡ್ ಬ್ರೇಕ್ ಎಳೆದು, ನ್ಯೂಟ್ರಲ್ ಮಾಡಿ, ಮುಂದಿನವನು ಒಂದು ಲಾರಿ ಉದ್ದ ಹೋಗುವ ತನಕ ಕಾಯುತ್ತಾನೆ. ಆಮೇಲೆ ಎಲ್ಲಕ್ಕಿಂತ ಕೆಳಗಿನ ಕ್ರಾಲರ್ ಗೇರಿನಲ್ಲಿ ಒಂದೇ ಸಲಕ್ಕೆ ಹೊರಡುತ್ತಾನೆ. ಪ್ಲೇಟಿನ ಆಯಸ್ಸು ಇಬ್ಬರಲ್ಲಿ ಅಜಗಜಾಂತರ.

ಎಎಂಟಿಯಲ್ಲಿ ಹಿಲ್ ಸ್ಟಾರ್ಟ್ ಇದ್ದರೆ ಬ್ರೇಕ್ ಬಿಟ್ಟ ಮೇಲೂ ಒಂದೆರಡು ಸೆಕೆಂಡು ಗಾಡಿ ಹಿಂದೆ ಸರಿಯದೆ ನಿಲ್ಲುತ್ತದೆ. ಅಷ್ಟರಲ್ಲಿ ಆಕ್ಸಿಲರೇಟರ್ ಒತ್ತಿದರೆ ಗಾಡಿ ಹೊರಡುತ್ತದೆ. ಹಾಗಂತ ಏರಿನಲ್ಲಿ ಬ್ರೇಕ್ ಹಿಡಿಯದೆ, ಆಕ್ಸಿಲರೇಟರ್ ಒತ್ತಿಯೇ ಗಾಡಿ ನಿಲ್ಲಿಸಿಕೊಂಡರೆ ಇಲ್ಲೂ ಅದೇ ಪ್ಲೇಟು ಸುಡುತ್ತದೆ. ಒಂದೇ ವ್ಯತ್ಯಾಸ ಅಂದರೆ ಪ್ಲೇಟ್ ಬಿಸಿಯಾದಾಗ ಎಚ್ಚರಿಸುವ ವ್ಯವಸ್ಥೆ ಇಂಥ ಗಾಡಿಗಳಲ್ಲಿ ಸಾಮಾನ್ಯವಾಗಿ ಇರುತ್ತದೆ.

ಹತ್ತುವಾಗ ಎಎಂಟಿಯ ಒಂದು ದೌರ್ಬಲ್ಯ ಕಾಣುತ್ತದೆ. ಗೇರ್ ಬದಲಾಗುವ ಆ ಕ್ಷಣ ಚಕ್ರಕ್ಕೆ ಎಳೆತ ಇರುವುದಿಲ್ಲ. ಮ್ಯಾನುಯಲ್‌ನಲ್ಲೂ ಅಷ್ಟೇ. ಆದರೆ ಮುಂದೆ ತಿರುವು ಇದೆ, ಈಗ ಗೇರ್ ಏರಿಸಬಾರದು ಎಂದು ಡ್ರೈವರ್‌ಗೆ ಕಣ್ಣಿಗೆ ಕಾಣುತ್ತದೆ. ಕಂಪ್ಯೂಟರ್‌ಗೆ ತಿರುವು ಕಾಣುವುದಿಲ್ಲ. ಅದು ಗೇರ್ ಏರಿಸುತ್ತದೆ, ಗಾಡಿ ಕುಗ್ಗುತ್ತದೆ, ಮತ್ತೆ ಇಳಿಸುತ್ತದೆ. ಇದಕ್ಕಾಗಿಯೇ ಮ್ಯಾನುಯಲ್ ಮೋಡ್ ಕೊಟ್ಟಿರುತ್ತಾರೆ. ಘಾಟಿಯಲ್ಲಿ ಗೇರನ್ನು ಹಿಡಿದಿಡಲು ಬಾರದ ಎಎಂಟಿಯನ್ನು ಶಿರಾಡಿಗಾಗಲಿ, ಯಲ್ಲಾಪುರ–ಅಂಕೋಲಾ ನಡುವಿನ ಅರಬೈಲಿಗಾಗಲಿ ತರಬೇಡಿ.

ಇಳಿಯುವಾಗ ಇನ್ನೂ ಎಚ್ಚರ ಬೇಕು. ಅದನ್ನು ಕೊನೆಯ ಹೆಜ್ಜೆಯಲ್ಲಿ ಹೇಳುತ್ತೇನೆ.

ಕ್ವಾರಿ, ಗಣಿ, ಕೆಸರು ಇರುವ ಸೈಟ್ ನಿಮ್ಮ ಪಟ್ಟಿಯಲ್ಲಿದ್ದರೆ ಇನ್ನೂ ಎರಡು ಪ್ರಶ್ನೆ ಸೇರಿಸಿ. ಕೆಸರಿನಲ್ಲಿ ಹೂತಾಗ ಗಾಡಿಯನ್ನು ಹಿಂದೆ ಮುಂದೆ ತೂಗಿ ಎಬ್ಬಿಸಲು ಈ ಎಎಂಟಿಯಲ್ಲಿ ಮೋಡ್ ಇದೆಯಾ? ಎಂಜಿನ್ ಶಕ್ತಿಯಿಂದ ಟಿಪ್ಪರ್ ಜಾಕಿ ಎತ್ತುವ ಜೋಡಣೆ, ಅಂದರೆ ಪಿಟಿಒ, ಹೇಗೆ ಹಾಕಬೇಕು? ಎರಡಕ್ಕೂ ಬಾಯಿಮಾತು ಬೇಡ, ಮಾಡಿ ತೋರಿಸಲಿ.

ಹೆಜ್ಜೆ 3: ಡ್ರೈವರ್ ಯಾರು?

ಇಲ್ಲಿ ಸುಳ್ಳು ಹೇಳಿಕೊಳ್ಳಬೇಡಿ. ನಿಮ್ಮ ಗಾಡಿ ನೀವೇ ಓಡಿಸುತ್ತೀರಾ? ಹತ್ತು ಹದಿನೈದು ವರ್ಷದಿಂದ ಇರುವ ಒಬ್ಬನೇ ಡ್ರೈವರ್ ಇದ್ದಾನಾ? ಇಲ್ಲ, ಆರು ತಿಂಗಳಿಗೊಬ್ಬರು ಬದಲಾಗುತ್ತಾರಾ?

ಒಳ್ಳೆಯ ಡ್ರೈವರ್ ಕೈಯಲ್ಲಿ ಒಂಬತ್ತು ಗೇರಿನ ಲಾರಿ ನೋಡುವುದೇ ಒಂದು ಖುಷಿ. ಆರ್‌ಪಿಎಂ ಮೀಟರಿನ ಮುಳ್ಳು ಹಸಿರು ಪಟ್ಟಿ ಬಿಟ್ಟು ಹೋಗುವುದಿಲ್ಲ. ನಾಲ್ಕರಿಂದ ಐದಕ್ಕೆ ಹೋಗುವಾಗ ಲೋ ಸಾಲಿನಿಂದ ಹೈ ಸಾಲಿಗೆ ದಾಟಬೇಕು. ಗಾಳಿ "ಫುಸ್" ಎನ್ನುವಷ್ಟು ಬಿಡುವು ಕೊಟ್ಟು ಲಿವರ್ ದೂಡುತ್ತಾನೆ, ಹಲ್ಲು ಕಚ್ಚಿದ ಸದ್ದೇ ಬರುವುದಿಲ್ಲ. ಖಾಲಿ ಗಾಡಿಯಲ್ಲಿ ಗೇರ್ ಹಾರಿಸಿಕೊಂಡು ಹೋಗುತ್ತಾನೆ. ಮುಂದಿನ ಏರನ್ನು ದೂರದಿಂದಲೇ ನೋಡಿ, ಅದಕ್ಕೆ ಮೊದಲೇ ಗೇರ್ ಇಳಿಸಿಕೊಂಡಿರುತ್ತಾನೆ. ಇಂಥವನಿಗೆ ಎಎಂಟಿ ಕೊಟ್ಟರೆ ಮೈಲೇಜ್ ಏನೂ ಏರುವುದಿಲ್ಲ. ಒಂದು ಚೂರು ಇಳಿದರೂ ಆಶ್ಚರ್ಯ ಇಲ್ಲ. ಅವನ ಕಾಲಿಗೆ ಆರಾಮ ಸಿಗುತ್ತದೆ. ಆ ಆರಾಮಕ್ಕೂ ಬೆಲೆ ಇದೆ, ಅದು ಬೇರೆ ವಿಷಯ.

ಇನ್ನೊಬ್ಬ ಇರುತ್ತಾನೆ. ಎಂಜಿನ್ ಕಿರುಚುವ ತನಕ ಮೂರರಲ್ಲೇ ಎಳೆಯುತ್ತಾನೆ. ಇಲ್ಲವೇ ಟಾಪ್ ಗೇರಿನಲ್ಲೇ ಏರು ಹತ್ತಿಸಿ ಗಾಡಿಯನ್ನು ಗಡಗಡ ನಡುಗಿಸುತ್ತಾನೆ. ಎಡಗಾಲು ಸದಾ ಕ್ಲಚ್ ಪೆಡಲ್ ಮೇಲೆ. ಕೇಳಿದರೆ ಗಾಡಿಗೆ ಪಿಕಪ್ ಇಲ್ಲ ಎನ್ನುತ್ತಾನೆ. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ. ಇವನಿಗೆ ಎಎಂಟಿ ಕೊಟ್ಟರೆ ಫರಕು ತಕ್ಷಣ ಕಾಣುತ್ತದೆ. ಯಾಕಂದರೆ ತಪ್ಪು ಗೇರ್ ಹಾಕುವ ಅವಕಾಶವೇ ಅವನಿಗೆ ಇರುವುದಿಲ್ಲ.

ಎಎಂಟಿ ಅತ್ಯುತ್ತಮ ಡ್ರೈವರ್‌ನನ್ನು ಇನ್ನೂ ಉತ್ತಮ ಮಾಡುವುದಿಲ್ಲ. ಕಳಪೆ ಡ್ರೈವರ್‌ನನ್ನು ಎಳೆದು ತಂದು ಅವನ ಹತ್ತಿರ ನಿಲ್ಲಿಸುತ್ತದೆ. ಐದಾರು ಗಾಡಿ, ಬದಲಾಗುತ್ತಲೇ ಇರುವ ಡ್ರೈವರ್‌ಗಳು ಇರುವ ಮಾಲೀಕರಿಗೆ ಇದು ದೊಡ್ಡ ಲಾಭ. ತಾನೇ ಓಡಿಸುವ ಮಾಲೀಕನಿಗೆ ಅಷ್ಟಿಲ್ಲ.

ಡ್ರೈವರ್‌ನನ್ನೂ ಒಂದು ಮಾತು ಕೇಳಿ. ಹುಬ್ಬಳ್ಳಿ ಕಡೆಯ ಹಳೆ ಡ್ರೈವರ್ ಆದರೆ ಹೀಗೆ ಅನ್ನಬಹುದು: "ಸಾವ್ಕಾರ್ರ, ಗಾಡಿ ತಾನ ಗೇರ್ ಹಾಕ್ಕೊಂಡ್ರ ನಾ ಏನ್ ಮಾಡ್ಲಿ?" ನಗುತ್ತಾ ಹೇಳಿದರೂ ಅದರೊಳಗೆ ಅಳುಕು ಇರುತ್ತದೆ. ನಾಳೆ ಯಾರನ್ನು ಬೇಕಾದರೂ ಕೂರಿಸಬಹುದು, ನನ್ನ ಸಂಬಳಕ್ಕೆ ಬೆಲೆ ಇಲ್ಲ ಎನ್ನುವ ಅಳುಕು. ಘಾಟಿ ಓದುವುದು, ಹಿಂದೆ ತೆಗೆದು ಗೋಡೌನಿಗೆ ಹಾಕುವುದು, ಲೋಡ್ ಕಟ್ಟಿಸುವುದು, ಇದನ್ನೆಲ್ಲ ಕಂಪ್ಯೂಟರ್ ಮಾಡುವುದಿಲ್ಲ. ಅದನ್ನು ಅವನಿಗೆ ಬಾಯಿಬಿಟ್ಟು ಹೇಳಿ. ಸಿಟ್ಟಾದ ಡ್ರೈವರ್ ಇಡೀ ದಿನ ಪವರ್ ಮೋಡ್‌ನಲ್ಲೇ ಓಡಿಸಿದರೆ ನಿಮ್ಮ ಡೀಸೆಲ್ ಲೆಕ್ಕ ಅಲ್ಲೇ ಕೆಟ್ಟಿತು.

ಸಣ್ಣ ಲಾರಿ ಕೊಳ್ಳುವವರಿಗೆ ಇಲ್ಲೊಂದು ಸಂಗತಿ. ಒಟ್ಟು ತೂಕ 7,500 ಕಿಲೋ ಒಳಗಿನ ಸರಕು ವಾಹನವನ್ನು ಎಲ್‌ಎಂವಿ (ಲಘು ವಾಹನ) ಲೈಸೆನ್ಸ್ ಇರುವವರೂ ಓಡಿಸಬಹುದು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ಹೇಳಿದೆ. ಅಂದರೆ ಕಾರಿನಲ್ಲಿ ಕಲಿತವರೂ ಈ ಸೀಟಿಗೆ ಬರುತ್ತಾರೆ. ಅಂಥವರನ್ನು ಇಟ್ಟುಕೊಳ್ಳುವುದಾದರೆ, ನಿಮ್ಮ ತೂಕದ ವರ್ಗದಲ್ಲಿ ಎಎಂಟಿ ಸಿಕ್ಕರೆ ಖಂಡಿತ ನೋಡಿ. ಮಿನಿ ಟ್ರಕ್‌ಗಳಲ್ಲಿ ಸದ್ಯಕ್ಕೆ ಬಹುಪಾಲು ಮ್ಯಾನುಯಲ್ಲೇ.

ಹೆಜ್ಜೆ 4: ಎರಡು ಕೊಟೇಶನ್, ಒಂದು ಕ್ಯಾಲ್ಕುಲೇಟರ್

ಒಂದೇ ಕಂಪನಿಯಿಂದ ಮ್ಯಾನುಯಲ್‌ಗೂ ಎಎಂಟಿಗೂ ಬೇರೆ ಬೇರೆ ಕೊಟೇಶನ್ ತರಿಸಿ. ಎರಡರಲ್ಲೂ ಎಂಜಿನ್ ಒಂದೇ ಇರಬೇಕು. ಹೆಸರಿನಲ್ಲಿ 2825 ಎಂದಿದ್ದರೆ ಸಾಮಾನ್ಯವಾಗಿ ಸುಮಾರು 28 ಟನ್, 250 ಎಚ್‌ಪಿ ಎಂದರ್ಥ. ಮೊದಲೆರಡು ಅಂಕಿ ತೂಕ, ಕೊನೆಯೆರಡು ಅಂಕಿಗೆ ಸೊನ್ನೆ ಸೇರಿಸಿದರೆ ಎಚ್‌ಪಿ. ಕ್ರೌನ್ ಪಿನಿಯನ್ ರೇಶಿಯೋ (ಹಿಂದಿನ ಆಕ್ಸಲ್‌ನ ಗೇರ್ ಅನುಪಾತ) ಮತ್ತು ಟೈರ್ ಸೈಜ್ ಕೂಡ ಕೇಳಿ ಬರೆಸಿಕೊಳ್ಳಿ. ರೇಶಿಯೋ ಬೇರೆ ಇದ್ದರೆ ಮೈಲೇಜಿನ ಹೋಲಿಕೆಗೆ ಅರ್ಥವಿಲ್ಲ.

ಎಸಿ ಕ್ಯಾಬಿನ್ ಹೆಸರಿನಲ್ಲಿ ಎಎಂಟಿಯ ಬೆಲೆ ಏರಿಸಲು ಬಿಡಬೇಡಿ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ, ಭಾರಿ ಲಾರಿಗಳ ಕ್ಯಾಬಿನ್‌ಗೆ ಎಸಿ ಕಡ್ಡಾಯ. ಅದು ಮ್ಯಾನುಯಲ್ ಗಾಡಿಗೂ ಬಂದೇ ಬರುತ್ತದೆ.

ಈಗ ಲೆಕ್ಕ. ಅಂಕಿಗಳು ಉದಾಹರಣೆಗೆ ಮಾತ್ರ, ನಿಮ್ಮವನ್ನು ಹಾಕಿಕೊಳ್ಳಿ. 28 ಟನ್ನಿನ ಲಾರಿ, ತಿಂಗಳಿಗೆ 8,000 ಕಿ.ಮೀ., ಲೀಟರಿಗೆ 4 ಕಿ.ಮೀ. ಅಂದರೆ 2,000 ಲೀಟರ್. ಲೀಟರಿಗೆ ₹91 ಎಂದುಕೊಂಡರೆ ತಿಂಗಳ ಡೀಸೆಲ್ ₹1,82,000. ಎಎಂಟಿಗೆ ₹2 ಲಕ್ಷ ಜಾಸ್ತಿ ಎಂದುಕೊಳ್ಳೋಣ. ಆ ಎರಡು ಲಕ್ಷವನ್ನೂ ಶೇ. 10ರ ಬಡ್ಡಿಗೆ 4 ವರ್ಷದ ಸಾಲ ಮಾಡಿದರೆ, ಅದಕ್ಕೇ ತಿಂಗಳಿಗೆ ಸುಮಾರು ₹5,070 ಇಎಂಐ.

ಡೀಸೆಲ್ ಶೇ. 1 ಉಳಿದರೆ ₹1,820. ಕೈಯಿಂದ ಹೋಗುತ್ತದೆ.
ಶೇ. 3 ಉಳಿದರೆ ₹5,460. ಇಎಂಐಗೆ ಸರಿಹೋಯಿತು, ಅಷ್ಟೇ.
ಶೇ. 6 ಉಳಿದರೆ ₹10,920. ಮೊದಲ ತಿಂಗಳಿನಿಂದಲೇ ಲಾಭ.

ನಿಮಗೆ ಎಷ್ಟು ಉಳಿಯುತ್ತದೆ ಎಂದು ಕಂಪನಿಯವರು ಹೇಳಲಾರರು. ನಿಮ್ಮ ಡೀಸೆಲ್ ಪುಸ್ತಕ ಹೇಳುತ್ತದೆ. ಒಂದೇ ರೂಟು, ಒಂದೇ ಲೋಡು, ಒಂದೇ ಮಾದರಿ ಗಾಡಿ. ಒಬ್ಬ ಡ್ರೈವರ್ 4.2 ಕೊಡುತ್ತಾನೆ, ಇನ್ನೊಬ್ಬ 3.6. ತಿಂಗಳಿಗೆ 8,000 ಕಿ.ಮೀ. ಆದರೆ ಇಬ್ಬರ ನಡುವೆ ಸುಮಾರು 317 ಲೀಟರ್, ಹತ್ತಿರ ಹತ್ತಿರ ₹28,900 ವ್ಯತ್ಯಾಸ. ಇದನ್ನೆಲ್ಲ ಎಎಂಟಿ ತುಂಬಿಕೊಡುವುದಿಲ್ಲ. ಅತಿ ವೇಗ, ಸುಮ್ನೆ ಎಂಜಿನ್ ಓಡಿಸಿಕೊಂಡು ನಿಲ್ಲುವುದು, ಟೈರಿನಲ್ಲಿ ಗಾಳಿ ಕಡಿಮೆ ಇರುವುದು, ಇವೂ ಅದರಲ್ಲಿ ಸೇರಿವೆ. ತಪ್ಪು ಗೇರಿನ ಪಾಲು ಮಾತ್ರ ವಾಪಸ್ ಬರುತ್ತದೆ. ಆದರೂ ನಿಮ್ಮ ಡ್ರೈವರ್‌ಗಳ ನಡುವೆ ಇಷ್ಟು ಅಂತರ ಇದ್ದರೆ ಎಎಂಟಿ ಕಡೆ ವಾಲಬಹುದು. ಎಲ್ಲರೂ 4.1, 4.2 ಕೊಡುತ್ತಿದ್ದರೆ ಮ್ಯಾನುಯಲ್ ಸಾಕು, ಆ ದುಡ್ಡಿಗೆ ಒಳ್ಳೆ ಟೈರ್ ಹಾಕಿಸಿ.

ಕ್ಲಚ್ ಖರ್ಚನ್ನೂ ಸೇರಿಸಿ. ಹಳೆ ಬಿಲ್ ತೆಗೆಯಿರಿ. ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್, ಗೇರ್‌ಬಾಕ್ಸ್ ಇಳಿಸಿ ಏರಿಸಿದ ಕೂಲಿ, ಗಾಡಿ ನಿಂತ ದಿನಗಳ ಬಾಡಿಗೆ. ಈ ಕೊನೆಯದನ್ನು ಹೆಚ್ಚಿನವರು ಲೆಕ್ಕಕ್ಕೇ ಹಿಡಿಯುವುದಿಲ್ಲ, ಅಲ್ವಾ? ಒಟ್ಟು ಮೊತ್ತವನ್ನು ಆ ಕ್ಲಚ್ ಬಾಳಿದ ತಿಂಗಳಿಂದ ಭಾಗಿಸಿ.

ಹೆಜ್ಜೆ 5: ಕೆಟ್ಟರೆ ಯಾರು ನೋಡುತ್ತಾರೆ?

ಮ್ಯಾನುಯಲ್ ಗೇರ್‌ಬಾಕ್ಸ್ ಇಳಿಸಿ ಪ್ಲೇಟ್ ಬದಲಿಸುವ ಮೇಸ್ತ್ರಿ ಹೆದ್ದಾರಿಯ ಪ್ರತಿ ಊರಿನಲ್ಲೂ ಸಿಗುತ್ತಾನೆ. ಎಎಂಟಿಯಲ್ಲಿ ಪ್ಲೇಟ್ ಹಾಕುವುದು ಅಷ್ಟೇ ಸುಲಭ ಇರಬಹುದು. ಹಾಕಿದ ಮೇಲೆ ಹೊಸ ಪ್ಲೇಟ್ ಎಲ್ಲಿ ಕಚ್ಚುತ್ತದೆ ಎಂದು ಕಂಪ್ಯೂಟರಿಗೆ ಕಲಿಸಬೇಕು. ಅದಕ್ಕೆ ಕಂಪನಿಯ ಲ್ಯಾಪ್‌ಟಾಪು, ಸಾಫ್ಟ್‌ವೇರು ಬೇಕು. ಮೇಸ್ತ್ರಿ ಎಷ್ಟೇ ಜಾಣನಾದರೂ ಸ್ಪ್ಯಾನರ್‌ನಿಂದ ಅದು ಆಗುವುದಿಲ್ಲ.

ನಿಮ್ಮ ರೂಟಿನಲ್ಲಿ ಆ ಸೌಲಭ್ಯ ಇರುವ ವರ್ಕ್‌ಶಾಪ್ ಎಲ್ಲೆಲ್ಲಿದೆ ಎಂದು ಫೋನ್ ಮಾಡಿ ನೀವೇ ಕೇಳಿ. ಡೀಲರ್ ಕೊಡುವ ಪಟ್ಟಿಯನ್ನು ನಂಬಿ ಸುಮ್ಮನಾಗಬೇಡಿ. "ಎಎಂಟಿ ಕ್ಲಚ್ ಕ್ಯಾಲಿಬ್ರೇಶನ್ ಮಾಡ್ತೀರಾ? ಭಾನುವಾರ ಇರ್ತೀರಾ? ಆಕ್ಚುಯೇಟರ್ ಸ್ಟಾಕ್ ಇದೆಯಾ?" ಈ ಮೂರು ಪ್ರಶ್ನೆಗೆ ತಡವರಿಸದೆ ಉತ್ತರ ಬಂದರೆ ಸರಿ.

ಇನ್ನು ಕೆಲವು ವಿಷಯ ಡ್ರೈವರ್‌ಗೂ ತಿಳಿದಿರಬೇಕು. ಗಾಳಿಯಿಂದ ಗೇರ್ ಸರಿಸುವ ಎಎಂಟಿಗೆ ಗಾಳಿ ಇಲ್ಲದಿದ್ದರೆ ಗೇರೇ ಬೀಳುವುದಿಲ್ಲ. ರಾತ್ರಿ ಗಾಳಿ ಸೋರಿದರೆ ಬೆಳಿಗ್ಗೆ ಮೀಟರ್ ಏರುವ ತನಕ ಕಾಯಬೇಕು. ಬ್ಯಾಟರಿ ಸೊರಗಿದರೆ ಇಲ್ಲಸಲ್ಲದ ದೋಷ ತೋರಿಸುತ್ತದೆ. ತಳ್ಳಿ ಸ್ಟಾರ್ಟ್ ಮಾಡುವ ಆಟ ಇಲ್ಲಿ ನಡೆಯುವುದಿಲ್ಲ. ಕೆಟ್ಟ ಗಾಡಿಯನ್ನು ಎಳೆದೊಯ್ಯುವಾಗ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿಯೇ ಎಳೆಯಬೇಕು. ಎಂಜಿನ್ ನಿಂತಾಗ ಗೇರ್‌ಬಾಕ್ಸಿನ ಎಣ್ಣೆ ಪಂಪೂ ನಿಂತಿರುತ್ತದೆ, ಶಾಫ್ಟ್ ತಿರುಗಿದರೆ ಒಳಗೆಲ್ಲ ಒಣಗಿ ಉಜ್ಜುತ್ತದೆ. ದೊಡ್ಡ ಮ್ಯಾನುಯಲ್ ಪೆಟ್ಟಿಗೆಗೂ ಇದೇ ಒಳ್ಳೆಯದು.

ಸೆಕೆಂಡ್ ಹ್ಯಾಂಡ್ ಮಾರುವ ಮಾತು ಬಂದರೆ ಸದ್ಯಕ್ಕೆ ಮ್ಯಾನುಯಲ್‌ದೇ ಮೇಲುಗೈ. ಕೊಳ್ಳುವವನು ತನ್ನೂರಿನ ಮೇಸ್ತ್ರಿಯನ್ನು ಕೇಳಿಯೇ ಕೊಳ್ಳುತ್ತಾನೆ.

ಹೆಜ್ಜೆ 6: ಖಾಲಿ ಗಾಡಿ ಓಡಿಸಿ ಒಪ್ಪಬೇಡಿ

ಶೋರೂಮಿನಿಂದ ಸರ್ವಿಸ್ ರಸ್ತೆಯಲ್ಲಿ ಒಂದು ಸುತ್ತು ಹಾಕಿಸಿದರೆ ಯಾವ ಲಾರಿಯೂ ಚೆನ್ನಾಗಿಯೇ ಇರುತ್ತದೆ. ಪೂರ್ತಿ ಲೋಡ್ ಹಾಕಿದ ಡೆಮೋ ಗಾಡಿ ಕೇಳಿ. ನಿಮ್ಮ ರೂಟಿನಲ್ಲೇ, ನಿಮ್ಮ ಡ್ರೈವರ್ ಕೈಯಲ್ಲೇ ಓಡಲಿ. ನೀವು ಪಕ್ಕದ ಸೀಟಿನಲ್ಲಿ ಕೂತು ಇವನ್ನು ಗಮನಿಸಿ.

ಏರಿನಲ್ಲಿ ನಿಲ್ಲಿಸಿ ಹೊರಡಿಸಿ. ಹಿಂದೆ ಎಷ್ಟು ಸರಿಯಿತು? ಹೊರಡುವಾಗ ಎಳೆಎಳೆದು ಜಗ್ಗಿತಾ?

ರಿವರ್ಸ್‌ನಲ್ಲಿ, ಸ್ವಲ್ಪ ಏರಿರುವ ಕಡೆ, ಒಂದೊಂದೇ ಅಡಿ ಹಿಂದೆ ತೆಗೆಸಿ. ಗೋಡೌನ್ ಪ್ಲಾಟ್‌ಫಾರ್ಮಿಗೆ ಹಚ್ಚುವ ಕೆಲಸ ಇದು. ಎಎಂಟಿಯ ಗುಣ ಎಷ್ಟಿದೆ ಎಂದು ಇಲ್ಲಿ ಗೊತ್ತಾಗುವಷ್ಟು ಇನ್ನೆಲ್ಲೂ ಗೊತ್ತಾಗುವುದಿಲ್ಲ. ಮ್ಯಾನುಯಲ್ ಡ್ರೈವರ್ ಕ್ಲಚ್‌ನಲ್ಲಿ ಇಂಚಿಂಚು ಸರಿಸುತ್ತಾನೆ. ಕೆಲವು ಎಎಂಟಿ ಇಲ್ಲಿ ಒಮ್ಮೆಲೇ ನೆಗೆಯುತ್ತವೆ.

ಲಾರಿ ಓವರ್‌ಟೇಕ್ ಮಾಡಲು ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಎಷ್ಟು ಯೋಚನೆ ಮಾಡುತ್ತದೆ ನೋಡಿ. ಆ ತಡಕ್ಕೆ ಡ್ರೈವರ್ ಒಗ್ಗಿಕೊಳ್ಳಬೇಕಾಗುತ್ತದೆ.

ಮೈಲೇಜ್ ಅಳೆಯುವುದಾದರೆ ಮೀಟರ್ ತೋರಿಸಿದ್ದನ್ನು ಬರೆದುಕೊಳ್ಳಬೇಡಿ. ಒಂದೇ ಬಂಕು, ಒಂದೇ ಪಂಪು, ಟ್ಯಾಂಕ್ ಬಾಯಿಯವರೆಗೆ ತುಂಬಿಸಿ ಹೊರಟು, ಬಂದು ಮತ್ತೆ ಅಷ್ಟೇ ತುಂಬಿಸಿ. ಇದೇ ರೂಟು, ಇದೇ ಲೋಡಿನಲ್ಲಿ ನಿಮ್ಮ ಮ್ಯಾನುಯಲ್ ಗಾಡಿಯನ್ನೂ ಓಡಿಸಿ ಹೋಲಿಸಿ.

ಕಾಫಿ ತೋಟಕ್ಕೆ ಪಿಕಪ್ ನೋಡುತ್ತಿರುವವರಿಗೂ ಒಂದು ಮಾತು. ಅಲ್ಲಿ ಸಿಗುವುದು ಕಾರಿನ ಥರದ ಟಾರ್ಕ್ ಕನ್ವರ್ಟರ್ ಆಟೋಮ್ಯಾಟಿಕ್. ಟೊಯೋಟಾ ಹೈಲಕ್ಸ್‌ನ ಮ್ಯಾನುಯಲ್‌ನಲ್ಲಿ 420 ನ್ಯೂಟನ್ ಮೀಟರ್ ಟಾರ್ಕ್, ಆಟೋಮ್ಯಾಟಿಕ್‌ನಲ್ಲಿ 500. ಎಂಜಿನ್ ಒಂದೇ ಆದರೂ ಎಳೆಯುವ ಬಲ ಬೇರೆ. ಅಲ್ಲಿ ಬರೀ ಗೇರ್ ನೋಡಿದರೆ ಸಾಲದು.

ಹೆಜ್ಜೆ 7: ಎಎಂಟಿ ಎಂದು ತೀರ್ಮಾನಿಸಿದರೆ ಮೊದಲ ತಿಂಗಳು

ಚಾಸಿ ಬಾಡಿ ಕಟ್ಟುವಲ್ಲಿಗೆ ಹೋಗುವ ಮುಂಚೆಯೇ ಎಚ್ಚರ ಶುರು. ವೆಲ್ಡಿಂಗ್ ಮಾಡುವಾಗ ಬ್ಯಾಟರಿ ಕೇಬಲ್ ಬಿಚ್ಚಬೇಕು, ಕಂಪನಿ ಹೇಳಿದ ಕಂಟ್ರೋಲ್ ಯೂನಿಟ್‌ಗಳ ಕನೆಕ್ಟರ್ ತೆಗೆಯಬೇಕು. ವೆಲ್ಡಿಂಗ್ ಅರ್ಥ್ ಅನ್ನು ಕೆಲಸ ನಡೆಯುವ ಜಾಗದ ಪಕ್ಕದಲ್ಲೇ ಕಚ್ಚಿಸಬೇಕು. ಇದನ್ನು ಬಾಡಿ ಬಿಲ್ಡರ್‌ಗೆ ಬರವಣಿಗೆಯಲ್ಲೇ ಕೊಡಿ. ಹಾರ್ನ್, ಸೀರಿಯಲ್ ಲೈಟು, ಮ್ಯೂಸಿಕ್ ಸಿಸ್ಟಮ್ಮಿಗೆ ಕೈಗೆ ಸಿಕ್ಕ ವೈರಿನಿಂದ ಕರೆಂಟ್ ಎಳೆಯಲು ಬಿಡಬೇಡಿ. ಗೇರ್‌ಬಾಕ್ಸಿನ ಕಂಪ್ಯೂಟರ್ ಮಾತಾಡುವುದು ಅವೇ ವೈರುಗಳಲ್ಲಿ.

ಡ್ರೈವರ್‌ಗೆ ಕಂಪನಿಯ ಟ್ರೇನರ್ ಕನಿಷ್ಠ ಒಂದು ಲೋಡ್ ಟ್ರಿಪ್ ಜೊತೆಗೆ ಬರಲಿ ಎಂದು ಡೆಲಿವರಿಗೆ ಮುಂಚೆಯೇ ಒಪ್ಪಂದ ಮಾಡಿಕೊಳ್ಳಿ. ಅವನು ಕಲಿಸಬೇಕಾದದ್ದರಲ್ಲಿ ಮುಖ್ಯವಾದದ್ದು ಘಾಟಿ ಇಳಿಯುವುದು.

ಹಳೆ ಡ್ರೈವರ್‌ಗಳ ನಿಯಮ ಎಲ್ಲರಿಗೂ ಗೊತ್ತು: ಹತ್ತಿದ ಗೇರಿನಲ್ಲೇ ಇಳಿ. ಎಎಂಟಿಗೂ ಅದೇ ನಿಯಮ. ಆಟೋಮ್ಯಾಟಿಕ್‌ನಲ್ಲೇ ಬಿಟ್ಟು, ಎಗ್ಸಾಸ್ಟ್ ಬ್ರೇಕ್ (ಹೊಗೆಯ ದಾರಿ ತಡೆದು ಎಂಜಿನ್‌ನಿಂದಲೇ ವೇಗ ತಗ್ಗಿಸುವ ಬ್ರೇಕ್) ಹಾಕದೆ ಬರೀ ಕಾಲಿನ ಬ್ರೇಕಿನಲ್ಲಿ ಇಳಿದರೆ, ಗಾಡಿ ವೇಗ ಹೆಚ್ಚಿದಂತೆ ಗೇರ್ ಏರಿಸುತ್ತಾ ಹೋಗಬಹುದು. ಗೇರ್ ಏರಿದಷ್ಟೂ ಎಂಜಿನ್ ಹಿಡಿತ ಕಡಿಮೆ. ಕಡಿಮೆಯಾದಷ್ಟೂ ಡ್ರಮ್ ಬಿಸಿ. ಶಿರಾಡಿಯ ತುದಿಯಲ್ಲಿ, ಇಳಿಜಾರು ಶುರುವಾಗುವ ಮೊದಲೇ ವೇಗ ತಗ್ಗಿಸಿ, ಮ್ಯಾನುಯಲ್ ಮೋಡ್‌ಗೆ ಹಾಕಿ, ಕಡಿಮೆ ಗೇರ್ ಹಿಡಿದು, ಎಗ್ಸಾಸ್ಟ್ ಬ್ರೇಕ್ ಒತ್ತಬೇಕು. ಕಾಲಿನ ಬ್ರೇಕ್ ಆಗಾಗ, ಗಟ್ಟಿಯಾಗಿ, ಸ್ವಲ್ಪ ಹೊತ್ತು. ಎಡೆಬಿಡದೆ ಮೆಲ್ಲಗೆ ಒತ್ತಿಕೊಂಡೇ ಇರಬಾರದು.

ಕೆಲವು ಎಎಂಟಿಗಳಲ್ಲಿ ಸಣ್ಣ ಇಳಿಜಾರಿನಲ್ಲಿ ಡೀಸೆಲ್ ಉಳಿಸಲು ತಾನೇ ನ್ಯೂಟ್ರಲ್‌ಗೆ ಹೋಗುವ ಎಕೋ ರೋಲ್ ಇರುತ್ತದೆ. ಹೆದ್ದಾರಿಯ ಉಬ್ಬುತಗ್ಗಿಗೆ ಅದು ಸರಿ. ಘಾಟಿಯಲ್ಲಿ ಬೇಡ. ಡ್ರೈವರ್ ಕೈಯಾರೆ ನ್ಯೂಟ್ರಲ್ ಮಾಡುವುದಂತೂ ಯಾವ ಲಾರಿಯಲ್ಲೂ, ಯಾವ ಇಳಿಜಾರಿನಲ್ಲೂ ಕೂಡದು. ಘಾಟಿಯಂಥ ಇಳಿಜಾರಿನಲ್ಲಿ ಅದರಿಂದ ಉಳಿತಾಯವೂ ಇಲ್ಲ. ಈಗಿನ ಕಾಮನ್ ರೈಲ್ ಎಂಜಿನ್‌ಗಳಲ್ಲಿ ಗೇರ್‌ನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಡೀಸೆಲ್ ಪೂರ್ತಿ ನಿಲ್ಲುತ್ತದೆ. ನ್ಯೂಟ್ರಲ್ ಮಾಡಿದರೆ ಎಂಜಿನ್ ಆರದಂತೆ ಇರಿಸಿಕೊಳ್ಳಲು ಡೀಸೆಲ್ ಕುಡಿಯುತ್ತಲೇ ಇರುತ್ತದೆ, ಎಗ್ಸಾಸ್ಟ್ ಬ್ರೇಕೂ ಕೆಲಸಕ್ಕೆ ಬರುವುದಿಲ್ಲ.

ತಿಂಗಳು ಮುಗಿದ ಮೇಲೆ ಸರ್ವಿಸ್ ಸೆಂಟರ್‌ನಲ್ಲಿ ಲ್ಯಾಪ್‌ಟಾಪ್ ಹಚ್ಚಿಸಿ ಮೂರು ವಿಷಯ ಕೇಳಿ: ಕ್ಲಚ್ ಎಷ್ಟು ಸವೆದಿದೆ, ಕ್ಲಚ್ ಬಿಸಿಯಾದ ಎಚ್ಚರಿಕೆ ಎಷ್ಟು ಸಲ ಬಂದಿದೆ, ಪವರ್ ಮೋಡ್‌ನಲ್ಲಿ ಗಾಡಿ ಎಷ್ಟು ಓಡಿದೆ. ಎಲ್ಲ ಕಂಪನಿಯಲ್ಲೂ ಮೂರೂ ಸಿಗಲಿಕ್ಕಿಲ್ಲ. ಸಿಕ್ಕಿದ್ದನ್ನು ಡೀಸೆಲ್ ಪುಸ್ತಕದ ಪಕ್ಕ ಬರೆದಿಟ್ಟು, ಡ್ರೈವರ್‌ನನ್ನು ಕೂರಿಸಿಕೊಂಡು ಓದಿ ಹೇಳಿ. ಎಚ್ಚರಿಕೆ ಬಂದದ್ದು ಟೋಲ್ ಸಾಲಿನಲ್ಲಾ, ಏರಿನಲ್ಲಾ ಎಂದು ಅವನನ್ನೇ ಕೇಳಿ, ಮುಂದಿನ ಟ್ರಿಪ್‌ಗೆ ಏನು ಬದಲಿಸಬೇಕು ಎಂದು ಅವನ ಬಾಯಿಂದಲೇ ಹೇಳಿಸಿ.